ಎರಡು ಮೋಟರು, ಒಂದೇ ನಟ್ಟು

ಬೀರೂರು ಜಂಕ್ಷನ್ನಿನಿಂದ ಹಳಿ ಮೂರು ದಿಕ್ಕಿಗೆ ಹೊರಡುತ್ತದೆ: ಕಡೂರಿನ ಮೇಲೆ ಬೆಂಗಳೂರಿಗೆ, ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ. ಎಲ್ಲ ರೈಲೂ ತಡ ಎಂದು ಮೈಕು ಸಾರಿದ ಒಂದು ಸಂಜೆ, ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಮೂರೂ ದಿಕ್ಕಿನವರು ಕೂತಿದ್ದರು. ಕಡೂರಿನವರದು ಮೋಟರು ರಿವೈಂಡಿಂಗ್ ಅಂಗಡಿ. ತರೀಕೆರೆಯವರದು ಅಡಿಕೆ ತೋಟ. ಅಜ್ಜಂಪುರದವಳು ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಎಂಜಿನಿಯರು, ಹಬ್ಬಕ್ಕೆ ಊರಿಗೆ ಹೊರಟವಳು. ಮಾತು ಹೇಗೋ ಮಳೆಯಿಂದ ಡ್ರೋನಿಗೆ, ಡ್ರೋನಿನಿಂದ ವಿಮಾನಕ್ಕೆ ಹೊರಳಿತು.

ಕಡೂರಿನವರು: ಅಲ್ಲಮ್ಮ, ಈಗ ವಿಮಾನದ ರೆಕ್ಕೆ ಆಡಿಸೋದಕ್ಕೂ ಕರೆಂಟ್ ಮೋಟರು ಹಾಕ್ತಾರಂತೆ, ನಿಜವಾ? ನಾನು ಮೂವತ್ತು ವರ್ಷದಿಂದ ಮೋಟರು ಸುಟ್ಟದ್ದನ್ನೇ ನೋಡಿಕೊಂಡು ಅನ್ನ ತಿಂದವನು. ಅಂಥ ವಿಮಾನ ನಾನಂತೂ ಹತ್ತೊಲ್ಲೆ.

ಅಜ್ಜಂಪುರದವಳು: ರೆಕ್ಕೆ ಪೂರ್ತಿ ಆಡೋದಿಲ್ಲ. ರೆಕ್ಕೆಯ ಹಿಂದಿನ ಅಂಚಿನಲ್ಲಿ, ಬಾಲದಲ್ಲಿ, ಕೀಲು ಹಾಕಿದ ಬಾಗಿಲಿನಂಥ ಹಲಗೆಗಳಿರುತ್ತವೆ. ಅವು ಆಡಿದರೆ ವಿಮಾನ ವಾಲುತ್ತೆ, ಏರುತ್ತೆ, ಇಳಿಯುತ್ತೆ. ಆ ಹಲಗೆ ದೂಡುವ ತೋಳಿಗೆ ಆಕ್ಚುಯೇಟರ್ ಅಂತೀವಿ. ಬಹಳ ಕಾಲದಿಂದ ಆ ತೋಳಿಗೆ ಬಲ ಕೊಡ್ತಾ ಇರೋದು ಒತ್ತಡದ ಎಣ್ಣೆ.

ತರೀಕೆರೆಯವರು: ಜೆಸಿಬಿ ತೋಳು ಎತ್ತುತ್ತಲ್ಲ, ಹಾಗೆ.

ಅಜ್ಜಂಪುರದವಳು: ಹಾಗೇ. ಸಾಮಾನ್ಯವಾಗಿ ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡ. ಏರ್‌ಬಸ್ ಎ380, ಬೋಯಿಂಗ್ 787ರಲ್ಲಿ 5,000. ಎಂಜಿನ್ನಿನ ಪಂಪಿನಿಂದ ಬಾಲದ ತುದಿವರೆಗೂ ಕೊಳವೆ ಓಡುತ್ತೆ.

ಕಡೂರಿನವರು: ಎಣ್ಣೆ ಚೆನ್ನಾಗೇ ಕೆಲಸ ಮಾಡ್ತಿದೆಯಲ್ಲ? ಇರೋದನ್ನ ಬಿಟ್ಟು ಇಲ್ಲದ್ದಕ್ಕೆ ಯಾಕೆ ಕೈ ಹಾಕಬೇಕು?

ಅಜ್ಜಂಪುರದವಳು: ಕೊಳವೆ ಭಾರ, ಸೋರುತ್ತೆ, ರಿಪೇರಿಗೆ ಹೊತ್ತು ತಿನ್ನುತ್ತೆ. ಅದಕ್ಕಿಂತ ದೊಡ್ಡ ಕಾರಣ 1989ರ ಜುಲೈ 19ರಂದು ಕಂಡಿತು. ಅಮೆರಿಕದಲ್ಲಿ ಯುನೈಟೆಡ್ ಕಂಪನಿಯ ಒಂದು ಡಿಸಿ-10, ವಿಮಾನ ಸಂಖ್ಯೆ 232. ಬಾಲದ ಎಂಜಿನ್ನಿನ ಫ್ಯಾನು ಒಡೆದು ಚೂರು ಸಿಡಿಯಿತು. ಆ ವಿಮಾನಕ್ಕೆ ಎಣ್ಣೆಯ ದಾರಿ ಒಂದಲ್ಲ, ಮೂರಿತ್ತು. ಮೂರೂ ಬಾಲದ ಹತ್ತಿರ ಅಕ್ಕಪಕ್ಕವೇ ಹೋಗಿದ್ದವು. ಒಂದೇ ಏಟಿಗೆ ಮೂರೂ ಹರಿದವು, ಎಣ್ಣೆಯೆಲ್ಲ ಆಕಾಶಕ್ಕೆ ಹೋಯಿತು. ಪೈಲಟ್‌ಗಳು ಉಳಿದ ಎರಡು ಎಂಜಿನ್‌ಗಳನ್ನ ಹೆಚ್ಚು ಕಮ್ಮಿ ಮಾಡಿಕೊಂಡೇ ಅದನ್ನ ಸೂ ಸಿಟಿಯ ರನ್‌ವೇ ತನಕ ತಂದರು. 296 ಜನರಲ್ಲಿ 184 ಮಂದಿ ಉಳಿದರು.

ತರೀಕೆರೆಯವರು: ಮೂರು ದಾರಿ ಇಟ್ಟೂ ಮೂರನ್ನೂ ಒಂದೇ ಬದುವಿನ ಮೇಲೆ ಹಾಯಿಸಿದ ಹಾಗಾಯ್ತು. ಬದು ಕುಸಿದರೆ ಮೂರೂ ಹೋಯ್ತು.

ಅಜ್ಜಂಪುರದವಳು: ಈ ಮಾತು ಜ್ಞಾಪಕ ಇಟ್ಟುಕೊಳ್ಳಿ. ವಿದ್ಯುತ್ತಿಗೂ ಇದೇ ಮಾತು ಬರುತ್ತೆ.

ಕಡೂರಿನವರು: ಆದರೆ ನಮ್ಮ ತೇಜಸ್ ಯುದ್ಧವಿಮಾನವನ್ನ ತಂತಿಯಲ್ಲೇ ಹಾರಿಸ್ತಾರೆ ಅಂತ ಪೇಪರಿನಲ್ಲಿ ಓದಿದ್ದೆನಲ್ಲ?

ಅಜ್ಜಂಪುರದವಳು: ಅಲ್ಲೇ ಎಲ್ಲರೂ ಎಡವೋದು. ತಂತಿಯಲ್ಲಿ ಎರಡು ಸಾಗಿಸಬಹುದು: ಒಂದು ಸಂದೇಶ, ಇನ್ನೊಂದು ಬಲ. ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದಾಗಿನಿಂದಲೂ ಪೈಲಟ್ಟಿನ ಅಪ್ಪಣೆ ತಂತಿಯಲ್ಲೇ ಹೋಗುತ್ತೆ. ಅದಕ್ಕೆ ಕಂಪ್ಯೂಟರಿನ ದಾರಿ ನಾಲ್ಕು. ಆದರೆ ಹಲಗೆಯನ್ನ ತಳ್ಳುವ ರಟ್ಟೆ ಎಣ್ಣೆಯದೇ. ರೆಕ್ಕೆಯ ಮುಂದಿನ ಅಂಚಿನ ಸ್ಲ್ಯಾಟು, ಏರ್‌ಬ್ರೇಕು ಇವುಗಳ ಆಕ್ಚುಯೇಟರ್ ಮತ್ತು ನಿಯಂತ್ರಣ ಘಟಕಗಳನ್ನ ಎಡಿಎ, ಹೈದರಾಬಾದಿನ ಆರ್‌ಸಿಐ, ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ ಅನ್ನೋ ಸರ್ಕಾರಿ ಸಂಸ್ಥೆಗಳು ಸೇರಿ ದೇಶದಲ್ಲೇ ಮಾಡಿ, 2024ರ ಏಪ್ರಿಲ್‌ನಲ್ಲಿ ವಿಮಾನ ಕಟ್ಟುವ ಎಚ್‌ಎಎಲ್‌ಗೆ ಕೊಟ್ಟವು. ಅವೂ ವಿದ್ಯುತ್ ಸಂದೇಶ ಕೇಳಿ ಎಣ್ಣೆ ಹಾಯಿಸುವ ಜಾತಿಯವೇ. ನೀವು ಹತ್ತೊಲ್ಲೆ ಅಂದದ್ದು ಇನ್ನೊಂದು ಜಾತಿ. ಅಲ್ಲಿ ಬಲವೇ ತಂತಿಯಲ್ಲಿ ಬರುತ್ತೆ.

ಕಡೂರಿನವರು: ಹಾಗಾದರೆ ನನ್ನ ಪ್ರಶ್ನೆ ಕೇಳ್ತೀನಿ. ಮೋಟರು ಓಡಿ ಸುಡೋದು ಕಮ್ಮಿ, ನಿಂತು ಸುಡೋದು ಜಾಸ್ತಿ. ಬೋರಿನಲ್ಲಿ ಮರಳು ಸಿಕ್ಕಿ ಪಂಪು ಹಿಡಿದುಕೊಳ್ತು ಅನ್ನಿ. ಕರೆಂಟು ಬರ್ತಾ ಇದೆ, ಶಾಫ್ಟು ತಿರುಗ್ತಾ ಇಲ್ಲ. ಎರಡು ನಿಮಿಷಕ್ಕೆ ವಾರ್ನಿಶ್ಶಿನ ವಾಸನೆ. ಬಿಚ್ಚಿ ನೋಡಿದರೆ ತಾಮ್ರ ಹೊಂಗೆ ಹಿಂಡಿಯ ಹಾಗೆ ಕರ್ರಗೆ. ನಿಮ್ಮ ವಿಮಾನದ ಹಲಗೆ ಗಾಳಿಗೆ ಎದುರಾಗಿ ಒಂದೇ ಕಡೆ ನಿಲ್ಲಬೇಕಲ್ಲ? ಆಗ ಮೋಟರಿನ ಗತಿ?

ಅಜ್ಜಂಪುರದವಳು: ನಮ್ಮ ಲ್ಯಾಬಿನಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನ ನೀವು ಒಂದು ಬೋರ್‌ವೆಲ್ಲಿನಲ್ಲಿ ಹೇಳಿಬಿಟ್ಟಿರಿ. ಎಣ್ಣೆಯ ತೋಳಾದರೆ ಕವಾಟ ಮುಚ್ಚಿದರೆ ಸಾಕು, ಎಣ್ಣೆ ಅಲ್ಲೇ ಬಂದಿ, ಹಲಗೆ ಅಲ್ಲೇ ನಿಲ್ಲುತ್ತೆ. ಬಿಸಿಯಾದರೂ ಹರಿಯುವ ಎಣ್ಣೆಯೇ ಬಿಸಿ ಹೊತ್ತುಕೊಂಡು ಹೋಗುತ್ತೆ. ಮೋಟರಿಗೆ ಆ ಪುಣ್ಯ ಇಲ್ಲ. ನಿಂತಲ್ಲೇ ಭಾರ ಹೊರೋದಕ್ಕೂ ಕರೆಂಟು ಎಳೀಬೇಕು, ಆ ಬಿಸಿ ತೆಳು ರೆಕ್ಕೆಯ ಒಳಗೇ ಉಳಿಯುತ್ತೆ. ಜತೆಗೆ ತಂತಿ ಸಣ್ಣದಾಗಲಿ ಅಂತ ವೋಲ್ಟೇಜು ಏರಿಸ್ತಾರೆ. ಬೋಯಿಂಗ್ 787ರಲ್ಲಿ 230 ವೋಲ್ಟ್ ಎಸಿ. ಎತ್ತರದಲ್ಲಿ ಗಾಳಿ ತೆಳು, ವೋಲ್ಟೇಜು ಹೆಚ್ಚಾದರೆ ನೆಲದಲ್ಲಿ ಹಾರದ ಕಿಡಿ ಅಲ್ಲಿ ಹಾರುತ್ತೆ. ಇನ್ಸುಲೇಷನ್ನಿನ ಪರೀಕ್ಷೆ ಬೇರೆಯೇ ಆಗಬೇಕು.

ಕಡೂರಿನವರು: ನೋಡಿದಿರಾ! ನಾನು ಹೇಳಿದ್ದೂ ಅದೇ.

ಅಜ್ಜಂಪುರದವಳು: ತಡೀರಿ. ವಿದ್ಯುತ್ ತೋಳಿನಲ್ಲೂ ಎರಡು ಬಗೆ. ಒಂದರಲ್ಲಿ ಮೋಟರು ಒಂದು ಸಣ್ಣ ಪಂಪು ತಿರುಗಿಸುತ್ತೆ. ಪಂಪು, ಒಂದಿಷ್ಟು ಎಣ್ಣೆ, ತೋಳು ಎಲ್ಲ ಒಂದೇ ಡಬ್ಬಿಯಲ್ಲಿ. ಉದ್ದದ ಕೊಳವೆ ಇಲ್ಲ. ಎ380 2005ರ ಏಪ್ರಿಲ್ 27ರಂದು ಮೊದಲು ಹಾರಿದಾಗ ಇಂಥ ತೋಳುಗಳನ್ನ ಹೊತ್ತೇ ಹಾರಿತು. ಅದರಲ್ಲಿ ಎರಡು ಎಣ್ಣೆ ದಾರಿ, ಎರಡು ವಿದ್ಯುತ್ ದಾರಿ. ಎಣ್ಣೆ ಕೈಕೊಟ್ಟರೆ ವಿದ್ಯುತ್ತಿನದು ಎದ್ದು ನಿಲ್ಲುತ್ತೆ. ಎಫ್-35 ಯುದ್ಧವಿಮಾನದಲ್ಲಿ ಮುಖ್ಯ ಹಲಗೆಗಳನ್ನೇ ಇದಕ್ಕೆ ಬಿಟ್ಟಿದ್ದಾರೆ. ಎರಡನೆಯ ಬಗೆಯಲ್ಲಿ ಎಣ್ಣೆಯೇ ಇಲ್ಲ. ಮೋಟರು, ಗೇರು, ಉದ್ದನೆಯ ಸ್ಕ್ರೂ ರಾಡು, ಅದರ ಮೇಲೆ ಓಡುವ ನಟ್ಟು. 787ರಲ್ಲಿ ರೆಕ್ಕೆಯ ಬೆನ್ನ ಮೇಲೆ ಏಳುವ ಸ್ಪಾಯ್ಲರ್ ಹಲಗೆಗಳಲ್ಲಿ ಕೆಲವು, ಬಾಲದ ಅಡ್ಡರೆಕ್ಕೆ ಆಡೋದು ಈ ಬಗೆಯಲ್ಲಿ. ಚಕ್ರದ ಬ್ರೇಕು ಒತ್ತೋದೂ ಮೋಟರೇ.

ತರೀಕೆರೆಯವರು: ಉದ್ದನೆ ಸ್ಕ್ರೂ, ಮೇಲೆ ಓಡುವ ನಟ್ಟು! ಅದು ನಮ್ಮ ಕೆರೆ ತೂಬಿನ ಗೇಟೇ ಅಲ್ವಾ? ಮೇಲೆ ಚಕ್ರ ತಿರುಗಿಸಿದರೆ ರಾಡು ಏರುತ್ತೆ, ಗೇಟು ಏಳುತ್ತೆ. ರಾಡು ಉಕ್ಕಿನದು, ನಟ್ಟು ಗನ್‌ಮೆಟಲ್ಲಿನದು. ರಾಡು ಸವೀಬಾರದು, ಸವೆದರೆ ನಟ್ಟು ಸವೀಲಿ ಅಂತ ಬೇಕೆಂದೇ ಮೆತ್ತನೆ ಲೋಹ ಹಾಕಿರ್ತಾರೆ.

ಅಜ್ಜಂಪುರದವಳು: ವಿಮಾನದಲ್ಲೂ ಲೆಕ್ಕ ಅದೇ. ಒಳ್ಳೆಯದೇ ಆಯಿತು ನೀವು ತೂಬು ತೆಗೆದದ್ದು. ಗ್ರೀಸು ಒಣಗಿದರೆ ಅಲ್ಲಿ ಏನಾಗುತ್ತೆ ಹೇಳಿ?

ತರೀಕೆರೆಯವರು: ಮೊದಲು ಕಿರ್ರ್ ಅನ್ನುತ್ತೆ. ಆಮೇಲೆ ಚಕ್ರ ತಿರುಗಿಸೋ ಕೈಗೆ ಹಳದಿ ಪುಡಿ ಅಂಟುತ್ತೆ. ಅದು ನಟ್ಟಿನ ಹಲ್ಲು. ಆಗಲೂ ಗೇಟು ಏಳ್ತಾನೇ ಇರುತ್ತೆ, ಯಾರಿಗೂ ಅನುಮಾನ ಇಲ್ಲ. ಒಂದು ದಿನ ಚಕ್ರ ಸುಮ್ಮನೆ ತಿರುಗುತ್ತೆ, ಗೇಟು ಕೆಳಗೇ ಕೂತಿರುತ್ತೆ. ನಟ್ಟಿನ ಒಳಗೆ ಬೆರಳು ಹಾಕಿ ನೋಡಿದರೆ ಬಳೆ ಥರ ನುಣ್ಣಗೆ.

ಅಜ್ಜಂಪುರದವಳು: 2000ದ ಜನವರಿ 31ರಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆದದ್ದು ಅಕ್ಷರಶಃ ಇದೇ. ಅಲಾಸ್ಕಾ ಏರ್‌ಲೈನ್ಸ್ 261, ಎಂಡಿ-83 ವಿಮಾನ. ಬಾಲದ ಅಡ್ಡರೆಕ್ಕೆಯನ್ನ ಏರಿಸಿ ಇಳಿಸೋದಕ್ಕೆ ಒಂದು ಉಕ್ಕಿನ ಸ್ಕ್ರೂ, ಒಂದು ಕಂಚಿನ ನಟ್ಟು. ಅದನ್ನ ತಿರುಗಿಸೋದಕ್ಕೆ ವಿದ್ಯುತ್ ಮೋಟರು ಎರಡು, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಮೋಟರು ಸುಡಲಿಲ್ಲ, ತಂತಿ ಕಡಿಯಲಿಲ್ಲ. ಗ್ರೀಸು ಸಾಲದೆ ನಟ್ಟಿನ ಹಲ್ಲು ಹತ್ತರಲ್ಲಿ ಒಂಬತ್ತು ಪಾಲು ಸವೆದುಹೋಗಿತ್ತು. ಉಳಿದದ್ದು ಆಕಾಶದಲ್ಲಿ ಕಿತ್ತು ಬಂತು. ವಿಮಾನ ಮೂಗು ಕೆಳಗಾಗಿ ಸಮುದ್ರಕ್ಕೆ ಬಿತ್ತು. 88 ಜನ, ಒಬ್ಬರೂ ಉಳಿಯಲಿಲ್ಲ.

ಕಡೂರಿನವರು: ಎರಡು ಮೋಟರು ಇಟ್ಟು, ಒಂದೇ ನಟ್ಟಿಗೆ ಕಟ್ಟಿದರು.

ಅಜ್ಜಂಪುರದವಳು: ಅಷ್ಟೇ. ಇನ್ನೂ ಒಂದು ಹೇಳ್ತೀನಿ. ಆ ನಟ್ಟು ಎಷ್ಟು ಸವೆದಿದೆ ಅಂತ ಅಳೆಯುವ ಕ್ರಮ ಇತ್ತು. ಆ ಅಡ್ಡರೆಕ್ಕೆಯನ್ನ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಎಳೆದು, ನಟ್ಟಿನಲ್ಲಿ ಎಷ್ಟು ಆಟ ಇದೆ ಅಂತ ನೋಡೋದು. ಆಟ 0.040 ಅಂಗುಲ ಮೀರಬಾರದು, ಅಂದರೆ ಸುಮಾರು 1 ಮಿಲಿಮೀಟರ್. 1997ರ ಸೆಪ್ಟೆಂಬರಿನಲ್ಲಿ ಅಳೆದಾಗ ಸರಿಯಾಗಿ 0.040 ಬಂತು, ನಟ್ಟು ಬದಲಿಸಬೇಕು ಅಂತ ಬರೆದರು. ಆಮೇಲೆ ಮತ್ತೆ ಅಳೆದರು, 0.033 ಬಂತು. ಸರಿ ಇದೆ ಅಂತ ವಿಮಾನ ಬಿಟ್ಟರು. ಗ್ರೀಸು ಹಾಕುವ ಅವಧಿಯನ್ನೂ ವರ್ಷ ಕಳೆದ ಹಾಗೆ ಎಳೀತಾ ಎಳೀತಾ 8 ತಿಂಗಳಿಗೆ ತಂದಿದ್ದರು.

ತರೀಕೆರೆಯವರು: ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ. ನಮ್ಮಜ್ಜ ಗಾಡಿ ಕಟ್ಟೋ ಮುಂಚೆ ಕೀಲೆಣ್ಣೆ ಹಾಕದೆ ನೊಗ ಎತ್ತುತ್ತಿರಲಿಲ್ಲ. ಎತ್ತು ಅಮೃತಮಹಲ್ಲೇ ಇರಲಿ, ಅಚ್ಚು ಒಣಗಿದ್ದರೆ ಗಾಡಿ ದಾರೀಲೇ ಕೂರುತ್ತೆ ಅನ್ನೋರು.

ಅಷ್ಟರಲ್ಲಿ ಪ್ಲಾಟ್‌ಫಾರಮ್ಮಿನ ಆಚೆ, ಹಳಿಯ ಪಕ್ಕದ ಬೂದು ಪೆಟ್ಟಿಗೆಯೊಳಗೆ ಗರ್ರ್ ಎಂದು ಸದ್ದಾಯಿತು. ಹಳಿಯ ನಾಲಿಗೆ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಸರಿದು ಟಕ್ ಎಂದು ಕೂತಿತು.

ಕಡೂರಿನವರು: ಅದೇ ನೋಡಿ ಪಾಯಿಂಟ್ ಮೆಷಿನ್ನು. ಅದೂ ಕರೆಂಟ್ ಮೋಟರೇ. 110 ವೋಲ್ಟ್ ಡಿಸಿ. ಸಿಗ್ನಲ್ ಇಲಾಖೆಯ ಗೆಳೆಯ ಒಬ್ಬ ತೋರಿಸಿದ್ದ. ನಾಲಿಗೆ ಮತ್ತು ಹಳಿ ನಡುವೆ 5 ಮಿಲಿಮೀಟರ್ ದಪ್ಪದ ಒಂದು ತುಂಡು ಇಟ್ಟು ಪರೀಕ್ಷೆ ಮಾಡ್ತಾರೆ. ಅದು ಸಿಕ್ಕಿಕೊಂಡಿದ್ದರೆ ಬೀಗ ಬೀಳಬಾರದು, ಬಿದ್ದಿದೆ ಅಂತ ಸುಳ್ಳು ಸುದ್ದಿಯೂ ಹೋಗಬಾರದು. ಮೋಟರು ಸುಡದ ಹಾಗೆ ಒಳಗಿನ ಕ್ಲಚ್ಚು ಜಾರುತ್ತೆ. ಸುದ್ದಿ ಬರದಿದ್ದರೆ ಸಿಗ್ನಲ್ಲು ಕೆಂಪು. ಕರೆಂಟೇ ಇಲ್ಲದಿದ್ದರೆ ಕೈಹಿಡಿ ಹಾಕಿ ತಿರುಗಿಸ್ತಾರೆ.

ಅಜ್ಜಂಪುರದವಳು: ನಮಗೂ ಆ ಪೆಟ್ಟಿಗೆಗೂ ಇರುವ ವ್ಯತ್ಯಾಸ ಆ ಕೆಂಪು ದೀಪ. ನೆಲದ ಮೇಲೆ ಅನುಮಾನ ಬಂದರೆ ನಿಲ್ಲಿಸಿಬಿಡಬಹುದು, ನಿಂತದ್ದೇ ಕ್ಷೇಮ. ಆಕಾಶದಲ್ಲಿ ಕೆಂಪು ದೀಪ ಇಲ್ಲ. ಅಲ್ಲಿ ನಿಂತರೆ ಬೀಳೋದು. ಅದಕ್ಕೇ ನಾವು ಕೆಡುತ್ತಾ ಇಲ್ಲವಾ ಅಂತ ಕೇಳೋದಿಲ್ಲ, ಕೆಡೋದಂತೂ ಕೆಡುತ್ತೆ. ಕೆಟ್ಟರೆ ಹೇಗೆ ಕೆಡುತ್ತೆ, ಕೆಟ್ಟ ಮೇಲೂ ಹಾರುತ್ತಾ ಅಂತ ಕೇಳ್ತೀವಿ. ಪ್ರಾಣಾಂತಿಕ ವೈಫಲ್ಯ ನೂರು ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ಕಮ್ಮಿ ಇರಬೇಕು ಅನ್ನೋದು ಪ್ರಯಾಣಿಕ ವಿಮಾನದ ಲೆಕ್ಕ. ಒಂದೇ ವಿಮಾನ ಇಳಿಯದೆ ಹಾರಿದರೆ ಅದು ಸುಮಾರು 1,14,000 ವರ್ಷ. ಒಂದು ಮೋಟರು, ಒಂದು ತಂತಿ, ಒಂದು ನಟ್ಟಿನಿಂದ ಆ ಲೆಕ್ಕ ಮುಟ್ಟೋಕಾಗಲ್ಲ. ಎರಡು, ಮೂರು ದಾರಿ ಬೇಕೇ ಬೇಕು.

ಕಡೂರಿನವರು: ಹಾಗಾದರೆ ಎಣ್ಣೆ ಸೇರಿದ ಡಬ್ಬಿ ಮೇಲೋ, ಬರೀ ಸ್ಕ್ರೂ ಮೇಲೋ? ಒಂದು ಮಾತಿನಲ್ಲಿ ಹೇಳು.

ಅಜ್ಜಂಪುರದವಳು: ಎಲ್ಲಿ ಇಡ್ತೀವಿ ಅನ್ನೋದರ ಮೇಲೆ ಹೋಗುತ್ತೆ. ಡಬ್ಬಿಯ ಮೋಟರು ಸುಟ್ಟರೆ ಒಂದು ಕವಾಟ ತೆರೆದು ಎಣ್ಣೆ ಈ ಕಡೆಯಿಂದ ಆ ಕಡೆ ಹರಿಯೋಕೆ ಬಿಡುತ್ತೆ. ತೋಳು ಸಡಿಲ ಆಗುತ್ತೆ, ಪಕ್ಕದ ಇನ್ನೊಂದು ತೋಳು ಅದೇ ಹಲಗೆಯನ್ನ ಎಳೆದುಕೊಂಡು ಕೆಲಸ ಮಾಡುತ್ತೆ. ಸ್ಕ್ರೂ ಹಾಗಲ್ಲ. ಹಲ್ಲಿನ ನಡುವೆ ಏನಾದರೂ ಸಿಕ್ಕಿ ಹಿಡಿದುಕೊಂಡರೆ ತಾನೂ ಆಡೋಲ್ಲ, ಪಕ್ಕದವನಿಗೂ ಆಡೋಕೆ ಬಿಡೋಲ್ಲ. ಅದಕ್ಕೇ ಹಿಡಿದುಕೊಂಡರೂ ಪ್ರಾಣಕ್ಕೆ ಸಂಚಕಾರ ಬರದ ಜಾಗ ನೋಡಿ ಸ್ಕ್ರೂ ಇಡ್ತಾರೆ. ಸ್ಪಾಯ್ಲರ್ ಒಂದು ಆಡದಿದ್ದರೆ ಉಳಿದವು ಸಂಭಾಳಿಸ್ತವೆ. ಬಾಲದ ಅಡ್ಡರೆಕ್ಕೆಯಂಥ ಕಡೆ ಇಡಲೇಬೇಕಾದರೆ, ನಟ್ಟು ಹೋದರೂ ಭಾರ ಹಿಡಿಯೋಕೆ ಇನ್ನೊಂದು ದಾರಿ ಒಳಗೇ ಇರುತ್ತೆ.

ತರೀಕೆರೆಯವರು: ದಾರಿ ಎರಡಿದ್ದರೆ ಸಾಲದು, ಜಾತಿಯೂ ಎರಡಿರಬೇಕು. ತೋಟದ ತುಂಬ ಬರೀ ಅಡಿಕೆ ಇಟ್ಟವನಿಗೆ ಕೊಳೆರೋಗ ಬಂದ ವರ್ಷ ಸಾವಿರ ಮರ ಇದ್ದೂ ಒಂದೇ ಮರ ಇದ್ದ ಹಾಗೆ. ನಡುವೆ ಬಾಳೆ, ಮೆಣಸು ಇಟ್ಟವನು ಆ ವರ್ಷ ಉಸಿರಾಡ್ತಾನೆ.

ಅಜ್ಜಂಪುರದವಳು: ಎ380ರಲ್ಲಿ ನಾಲ್ಕೂ ಎಣ್ಣೆಯದು ಮಾಡದೆ ಎರಡು ಎಣ್ಣೆ, ಎರಡು ವಿದ್ಯುತ್ತು ಅಂತ ಹಂಚಿದ್ದರ ಗುಟ್ಟು ಅದೇ. ಆದರೆ ಅಲ್ಲೂ ಮೈಮರೆಯೋ ಹಾಗಿಲ್ಲ. 2010ರ ನವೆಂಬರ್ 4ರಂದು ಸಿಂಗಪುರದಿಂದ ಎದ್ದ ಕ್ವಾಂಟಾಸ್‌ನ ಒಂದು ಎ380ರ ಎಂಜಿನ್ನು ಒಡೆಯಿತು. ಚೂರುಗಳು ಎಣ್ಣೆ ಕೊಳವೆಯನ್ನೂ ಕತ್ತರಿಸಿದವು, ನೂರಾರು ತಂತಿಗಳನ್ನೂ ಕತ್ತರಿಸಿದವು. 469 ಜನರೂ ಕ್ಷೇಮವಾಗಿ ಇಳಿದರು. ತಂತಿಯೂ ಕೊಳವೆಯ ಹಾಗೇ ಹರಿಯುತ್ತೆ ಅನ್ನೋದು ಗೊತ್ತಾಯಿತು. ನೀವು ಆಗಲೇ ಹೇಳಿದಿರಲ್ಲ, ಒಂದೇ ಬದುವಿನ ಮೇಲೆ ಎಲ್ಲ ನೀರನ್ನೂ ಹಾಯಿಸಬಾರದು ಅಂತ.

ಕಡೂರಿನವರು: ವಿದ್ಯುತ್ತಿಗೆ ಒಂದು ಗುಣ ಇದೆ, ಅದನ್ನ ನಾನೇ ಹೇಳ್ತೀನಿ. ಮೋಟರು ಸಾಯೋ ಮುಂಚೆ ಮಾತಾಡುತ್ತೆ. ಬೇರಿಂಗು ಒಣಗಿದರೆ ಆಂಪ್ಸ್ ಏರುತ್ತೆ. 9 ಎಳೀತಿದ್ದದ್ದು 11 ಎಳೆದರೆ ಗಿರಾಕಿಗೆ ಹೇಳ್ತೀನಿ, ಸ್ವಾಮಿ ಈಗಲೇ ಬಿಚ್ಚಿ, ಆಮೇಲೆ ಸುಡುತ್ತೆ ಅಂತ. ಹತ್ತರಲ್ಲಿ ಎಂಟು ಜನ ಕೇಳಲ್ಲ, ಅದು ಬೇರೆ.

ಅಜ್ಜಂಪುರದವಳು: ವಿದ್ಯುತ್ ತೋಳಿನ ಪರವಾಗಿ ವಾದಿಸುವವರ ದೊಡ್ಡ ಆಸ್ತಿಯೇ ಅದು. ಎಷ್ಟು ಕರೆಂಟು ಎಳೀತಿದೆ, ಎಷ್ಟು ಬಿಸಿ ಇದೆ, ಹೇಳಿದಷ್ಟು ಸರಿದಿದೆಯಾ ಅಂತ ಪ್ರತಿ ಹಾರಾಟದಲ್ಲೂ ಕಂಪ್ಯೂಟರು ಬರೆದುಕೊಳ್ಳುತ್ತೆ. ಎಣ್ಣೆ ಕೊಳವೆ ಇಷ್ಟು ವಿವರವಾಗಿ ಬಾಯಿ ಬಿಡಲ್ಲ. ಆದರೆ ಬರೆದದ್ದನ್ನ ಓದುವವರು ಬೇಕು.

ತರೀಕೆರೆಯವರು: ನಮ್ಮ ಕಡೆ ಈಗ ಅಡಿಕೆಗೆ ಡ್ರೋನಲ್ಲೇ ಔಷಧಿ ಹೊಡೀತಾರೆ. ಅದರಲ್ಲಿ ಈ ತೋಳು ಗೀಳು ಇರುತ್ತಾ?

ಅಜ್ಜಂಪುರದವಳು: ಅದರಲ್ಲಿ ಹಲಗೆಯೇ ಇಲ್ಲ, ಫ್ಯಾನಿನ ಮೋಟರುಗಳೇ ತೋಳು. ನಾಲ್ಕು ಫ್ಯಾನಿನದಾದರೆ ಒಂದು ನಿಂತರೆ ಗಿರಗಿರ ತಿರುಗಿ ಬೀಳುತ್ತೆ. ಆರು ಫ್ಯಾನಿನದು ಒಂದು ಹೋದರೂ ಸಾಮಾನ್ಯವಾಗಿ ಸಂಭಾಳಿಸಿ ಇಳಿಯುತ್ತೆ.

ಕಡೂರಿನವರು: ಬ್ಯಾಟರಿ?

ಅಜ್ಜಂಪುರದವಳು: ಹಲವದರಲ್ಲಿ ಒಂದೇ.

ಕಡೂರಿನವರು: ಆರು ಮೋಟರು, ಒಂದೇ ಬ್ಯಾಟರಿ! ಮತ್ತೆ ಅದೇ ನಟ್ಟಿನ ಕತೆ. ಈಗ ನನಗೆ ಯಾವ ಮಿಷಿನ್ನು ನೋಡಿದರೂ ಇದೇ ಕಾಣುತ್ತೆ.

ಅಜ್ಜಂಪುರದವಳು: ಕಾಣಲಿ. ಅದನ್ನ ಹುಡುಕೋದಕ್ಕೇ ಪರೀಕ್ಷೆ ಅಂತ ಇರೋದು. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ 2017ರಿಂದ ಡಿಆರ್‌ಡಿಒದವರ ಹಾರಾಟ ಪರೀಕ್ಷಾ ಕೇಂದ್ರ ಇದೆ. ನಮ್ಮ ಅಜ್ಜಂಪುರದ ಅಮೃತಮಹಲ್ ಕೇಂದ್ರದ ದನ ಎಂಥ ಕಾವಲಿನಲ್ಲಿ ಮೇಯುತ್ತೋ, ಅಂಥದೇ ಅಮೃತಮಹಲ್ ಕಾವಲು ಅದು. ಅಲ್ಲಿ ಪೈಲಟ್ಟಿಲ್ಲದ ವಿಮಾನ ಹಾರಿಸ್ತಾರೆ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ಒಂದು, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಒಂದು ಹೊಲಕ್ಕೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ತೋಳು ಕೆಟ್ಟೇ ಬಿದ್ದವು ಅಂತ ನಾನು ಹೇಳ್ತಿಲ್ಲ, ಊಹೆಯಿಂದ ಯಾವ ಭಾಗದ ಮೇಲೂ ತಪ್ಪು ಹೊರಿಸಬಾರದು. ಮನುಷ್ಯರು ಒಳಗೆ ಕೂರುವ ಮುಂಚೆ ಬೀಳಬೇಕಾದದ್ದು ಖಾಲಿ ಕಾವಲಿನ ಮೇಲೆ ಬೀಳಲಿ ಅಂತಲೇ ಅಂಥ ಜಾಗ ಇರೋದು.

ತರೀಕೆರೆಯವರು: ಕೊನೆಗೆ ಎಣ್ಣೆ ಕ್ಷೇಮವೋ, ಕರೆಂಟು ಕ್ಷೇಮವೋ?

ಅಜ್ಜಂಪುರದವಳು: ಎಣ್ಣೆ ನಂಬಿದ ವಿಮಾನವೂ ಬಿದ್ದಿದೆ, ಮೋಟರು ನಂಬಿದ್ದೂ ಬಿದ್ದಿದೆ. 1989ರಲ್ಲಿ ಮೂರು ಕೊಳವೆ ಒಂದೇ ಕಡೆ ಸೇರಿದ್ದವು, 2000ದಲ್ಲಿ ಎರಡು ಮೋಟರು ಒಂದೇ ನಟ್ಟಿಗೆ ಸೇರಿದ್ದವು. ಕ್ಷೇಮ ಇರೋದು ಎಣ್ಣೆಯಲ್ಲೂ ಅಲ್ಲ, ಕರೆಂಟಿನಲ್ಲೂ ಅಲ್ಲ. ಎಲ್ಲ ದಾರಿಯೂ ಎಲ್ಲಿ ಒಂದಾಗುತ್ತೆ ಅಂತ ಹುಡುಕುವವನ ಕಣ್ಣಿನಲ್ಲಿ, ಆ ಜಾಗಕ್ಕೆ ಗ್ರೀಸು ಹಾಕಿ ಅಳೆಯುವವನ ಕೈಯಲ್ಲಿ.

ಕಡೂರಿನವರು: ಹಾಗಾದರೆ ಹತ್ತುತೀನಿ. ಆದರೆ ಗ್ರೀಸು ಹಾಕಿದ ತಾರೀಕು, ಅಳೆದವನ ರುಜು ಇರಬೇಕು.

ಅಜ್ಜಂಪುರದವಳು: ವಿಮಾನದಲ್ಲಿ ಅದಿಲ್ಲದೆ ಒಂದು ಬೋಲ್ಟೂ ಬಿಗಿಯೋ ಹಾಗಿಲ್ಲ. ನಿಮ್ಮ ಊರಿನ ತೂಬಿನದು ಯಾವಾಗ ಆಗಿತ್ತು, ಹೇಳಿ ನೋಡೋಣ?

ತರೀಕೆರೆಯವರು ತಕ್ಷಣ ಉತ್ತರ ಕೊಡಲಿಲ್ಲ. ಮೈಕಿನಲ್ಲಿ ಶಿವಮೊಗ್ಗದ ಗಾಡಿ ಬರುತ್ತಿದೆ ಎಂದು ಸಾರಿದರು. ಅವರು ಚೀಲ ಹೆಗಲಿಗೇರಿಸಿದರು.

ತರೀಕೆರೆಯವರು: ಯಾರಿಗೂ ನೆನಪಿಲ್ಲ ಕಣಮ್ಮ. ಮಳೆ ಹಿಡಿಯೋದರೊಳಗೆ ನಟ್ಟು ಬಿಚ್ಚಿಸಿ ನೋಡ್ತೀನಿ.

ಅಜ್ಜಂಪುರದವಳು: ನೋಡಿ. ಗ್ರೀಸು ಹಾಕಿದ ಮೇಲೆ ತಾರೀಕನ್ನ ತೂಬಿನ ಗೋಡೆ ಮೇಲೆ ಬರೆಸಿಬಿಡಿ.